ಹನ್ನೊಂದರ ಬಸ್ಸು ಮತ್ತು ನಮ್ಮ ಪಿಪಿಯವರು

ಮೊನ್ನೆ ನಮ್ಮ ಪಿಪಿಯವರ ಬೀಳ್ಕೊಡುಗೆಯಲ್ಲಿ ಭಾಷಣ ಮಾಡಿದವರೆಲ್ಲ ಅವರು ಗೆದ್ದ ಕೇಸುಗಳನ್ನೇ ಹೇಳಿದರು. ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು, ಶಾಲಿನ ಮೇಲೆ ಶಾಲು ಹೊದಿಸಿದರು. ಆ ಸೆಖೆಯಲ್ಲಿ ಪಾಪ, ಮನುಷ್ಯ ಬೆವರು ಒರೆಸಿಕೊಳ್ಳಲೂ ಕೈ ಬಿಡುವಿಲ್ಲದೆ ಕೂತಿದ್ದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಯಾರಾದರೂ ಆ ಮೀನಿನವನ ಕೇಸನ್ನು ಹೇಳುತ್ತಾರೋ ಎಂದು ಕಾದೆ. ಯಾರೂ ಹೇಳಲಿಲ್ಲ. ಸೋತ ಕೇಸಲ್ಲವೇ, ಇಂಥ ದಿನ ಎತ್ತುವುದು ಚೆಂದವಲ್ಲ ಅನ್ನಿಸಿರಬೇಕು. ನನಗಾದರೋ ಅದನ್ನು ಬಿಟ್ಟು ಅವರ ಬಗ್ಗೆ ಮಾತಾಡಲು ಬರುವುದೇ ಇಲ್ಲ. ಮೈಕು ನನ್ನ ಕೈಗೆ ಯಾರೂ ಕೊಡಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಪಿಪಿ ಎಂದರೆ ಸರ್ಕಾರಿ ವಕೀಲರು. ಪೊಲೀಸರು ಹಾಕಿದ ಕೇಸನ್ನು ಕೋರ್ಟಿನಲ್ಲಿ ನಡೆಸುವವರು. ನಮ್ಮದು ಕುಂದಾಪುರದ ಕೆಳಗಿನ ಕೋರ್ಟಾದ್ದರಿಂದ ಅವರ ಹುದ್ದೆಯ ಮುಂದೆ ‘ಸಹಾಯಕ’ ಎಂಬ ಮಾತೊಂದು ಇತ್ತು. ಅದನ್ನು ಅವರ ಬೋರ್ಡು ಬಿಟ್ಟರೆ ಬೇರೆ ಯಾರೂ ಬಳಸುತ್ತಿರಲಿಲ್ಲ. ನಾನು ಅದೇ ಕೋರ್ಟಿನ ಸ್ಟೆನೋ. ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ಹೇಳಿ ಬರೆಸುತ್ತಾರೆ, ನಾನು ತಲೆ ಬಗ್ಗಿಸಿ ಟೈಪು ಮಾಡುತ್ತೇನೆ. ಕೋರ್ಟಿನಲ್ಲಿ ಎಲ್ಲರ ಮುಖವೂ ಕಾಣುವ ಜಾಗ ನನ್ನದು. ಆದರೆ ನನ್ನ ಮುಖ ಯಾರೂ ನೋಡುವುದಿಲ್ಲ. ಇದರಿಂದ ಆಗುವ ಲಾಭ ಸಣ್ಣದಲ್ಲ.

ಅವರು ಬೈಂದೂರು ಕಡೆಯವರು, ನಾನು ಬ್ರಹ್ಮಾವರದವಳು. ಅವರು ಬಡಗಿನಿಂದ ಬಸ್ಸಿನಲ್ಲಿ ಬಂದರೆ ನಾನು ತೆಂಕಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅವರಿಗಿಂತ ಕಿರಿಯ ವಕೀಲರೆಲ್ಲ ಕಾರು ತೆಗೆದುಕೊಂಡರು, ಇವರು ತೆಗೆದುಕೊಳ್ಳಲಿಲ್ಲ. ಜಿಪುಣತನ ಎಂದು ಕೆಲವರು, ಹೆದರಿಕೆ ಎಂದು ಕೆಲವರು. ನಾನೊಮ್ಮೆ ಕೇಳಿಯೇಬಿಟ್ಟೆ. “ಕಾರ್ ತಕಂಡ್ರೆ ಎಂತ ಕೇಂತ್ ತಂಗಿ? ಎಂಜಿನ್ ಶಬ್ದ ಮಾತ್ರ” ಅಂದರು. ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಅವರದು. ಜವಳಿ ಅಂಗಡಿಯ ಬಟ್ಟೆ ಚೀಲದಲ್ಲಿ ಸರ್ಕಾರದ ಕಾಗದ ಪತ್ರ, ಅದರ ಮೇಲೆ ಮಡಚಿದ ಕರಿಕೋಟು, ಕೋಟಿನ ಕಿಸೆಯಲ್ಲಿ ಒಂದು ಪೊಟ್ಟಣ ಕಡಲೆ. ಬೈಂದೂರಿನಿಂದ ಕುಂದಾಪುರ ಮುಟ್ಟುವುದರೊಳಗೆ ಯಾರ ಮನೆಯಲ್ಲಿ ಮದುವೆ, ಯಾವ ಬೋಟಿಗೆ ಮೀನು ಸಿಕ್ಕಿತು, ಯಾರು ಯಾರ ಮೇಲೆ ದೂರು ಕೊಡುವವರಿದ್ದಾರೆ, ಎಲ್ಲ ಅವರ ಕಿವಿಗೆ ಬಿದ್ದಿರುತ್ತಿತ್ತು. ದೂರು ಠಾಣೆಗೆ ಹೋಗುವ ಮೊದಲೇ ಪಿಪಿಯವರಿಗೆ ಗೊತ್ತಿರುತ್ತದೆ ಎಂದು ನಾವು ನಗುತ್ತಿದ್ದೆವು.

ನಮ್ಮ ಕಡೆಯ ಜನ ಹೊತ್ತನ್ನು ಬಸ್ಸಿನ ಮೇಲೆ ಹೇಳುತ್ತಾರೆ. ಒಂದೊಂದು ಖಾಸಗಿ ಬಸ್ಸಿಗೂ ಒಂದೊಂದು ಹಾರ್ನು. ಮನೆಯೊಳಗೆ ಕೂತೇ ಇದು ಹಾಲಿನ ಬಸ್ಸು, ಇದು ಶಾಲೆ ಬಿಡುವ ಬಸ್ಸು ಎಂದು ಗೊತ್ತು ಹಚ್ಚುತ್ತಾರೆ. ಘಟ್ಟದ ಮೇಲಿನಿಂದ ಹೊಸದಾಗಿ ಬಂದ ನ್ಯಾಯಾಧೀಶರೊಬ್ಬರು ಸಾಕ್ಷಿಯನ್ನು “ಆಗ ಗಂಟೆ ಎಷ್ಟು?” ಎಂದು ಕೇಳಿದರು. “ಕೊನಿ ಬಸ್ ಹೋಯಿತ್ತ್” ಅಂದ ಅವನು. “ಆ ಬಸ್ಸು ಎಷ್ಟು ಗಂಟೆಗೆ ಹೋಗುತ್ತೆ?” ಎಂದರೆ, “ಅದ್ ಡ್ರೈವರ್ ಕಾಂಬುದಲ್ದಾ, ನಂಗೆಂತ ಗೊತ್ತ್?” ನ್ಯಾಯಾಧೀಶರು ಪಿಪಿಯವರ ಮುಖ ನೋಡಿದರು. ಇವರು ಎದ್ದು ನಿಂತು, ಬಹಳ ಗಂಭೀರವಾಗಿ, ಆ ಬಸ್ಸು ಹೋಗುವ ಹೊತ್ತು, ಸೋಮವಾರ ಸಂತೆಯ ದಿನ ಅದು ತಡವಾಗುವ ಸಂಗತಿ, ಎರಡನ್ನೂ ವಿವರಿಸಿದರು. ಆವತ್ತಿನಿಂದ ಆ ನ್ಯಾಯಾಧೀಶರಿಗೂ ಬಸ್ಸಿನ ಲೆಕ್ಕ ರೂಢಿಯಾಯಿತು.

ಅವರದೊಂದು ಅಭ್ಯಾಸವಿತ್ತು. ಸಾಕ್ಷಿ ವಿಚಾರಣೆಗೆ ಮುಂಚೆ, ರಜೆಯ ದಿನ ನೋಡಿ, ಘಟನೆ ನಡೆದ ಜಾಗಕ್ಕೆ ಹೋಗಿ ಬರುವುದು. ಕೆಲಸದ ಪಟ್ಟಿಯಲ್ಲಿ ಇಲ್ಲದ ಕೆಲಸ ಇದು. ಯಾರನ್ನೂ ಕೇಳುತ್ತಿರಲಿಲ್ಲ, ಯಾರ ಮನೆಗೂ ಹೋಗುತ್ತಿರಲಿಲ್ಲ. ಬಸ್ಸಿಳಿದು ದಾರಿಯಲ್ಲಿ ಒಂದಷ್ಟು ನಡೆದು, ಸೋಡಾ ಕುಡಿದು ವಾಪಸು. ಪೊಲೀಸರಿಗೆ ಇದು ಅಷ್ಟು ಹಿತವಾಗುತ್ತಿರಲಿಲ್ಲ. “ನಮ್ಮ ಮೇಲೆ ನಂಬಿಕೆ ಇಲ್ವಾ ಸಾರ್?” ಎಂದು ಒಬ್ಬ ಎಸ್ಸೈ ಕೇಳಿದ್ದಕ್ಕೆ ಇವರು ಅಂದದ್ದು ನನಗೆ ಈಗಲೂ ನೆನಪಿದೆ: “ನಾ ನಿಮ್ಮ ವಕೀಲ ಅಲ್ಲ ಮಾರಾಯ್ರೆ. ಸರ್ಕಾರದ್ ವಕೀಲ. ಸರ್ಕಾರ ಅಂದ್ರೆ ಅದ್ರೊಳ್ಗ್ ಆ ಕಟಕಟೆಯಂಗ್ ನಿಂತವನೂ ಬತ್ತ.”

ಹಾಗೆಂದು ಮೆತ್ತಗಿನವರು ಎಂದುಕೊಳ್ಳಬೇಡಿ. ಹೆಂಡತಿಗೆ ಹೊಡೆದು, ಆಮೇಲೆ ಅವಳನ್ನೇ ಹೆದರಿಸಿ ಸಾಕ್ಷಿ ತಿರುಗಿಸಿದ ಒಬ್ಬ ಗುತ್ತಿಗೆದಾರನ ಬೆನ್ನು ಹತ್ತಿ, ಅಕ್ಕಪಕ್ಕದವರನ್ನು ಒಬ್ಬೊಬ್ಬರಾಗಿ ಕರೆಸಿ, ಅವನಿಗೆ ಶಿಕ್ಷೆ ಆಗುವವರೆಗೂ ಬಿಡಲಿಲ್ಲ. ಆ ದಿನಗಳಲ್ಲಿ ಅವರು ಕಡಲೆ ಅಗಿಯುವ ಸದ್ದಿಗೇ ನಾವು ಹೆದರುತ್ತಿದ್ದೆವು. ಆದರೆ ಅದೇ ಗುತ್ತಿಗೆದಾರನನ್ನು ಒಳಗೆ ಕರೆದೊಯ್ಯುವಾಗ, “ಉಂಡಿದ್ನಾ ಕಾಣಿ ಅವ” ಎಂದು ಪೊಲೀಸನಿಗೆ ಹೇಳಿದವರೂ ಅವರೇ.

ಈಗ ಆ ಕೇಸು. ತಲ್ಲೂರಿನಿಂದ ಒಳಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಓಣಿ, ಓಣಿಯ ಕೊನೆಯಲ್ಲಿ ಒಂದು ಅನುಕೂಲಸ್ಥರ ಮನೆ. ಗದ್ದೆ, ತೋಟ, ಪೇಟೆಯಲ್ಲೊಂದು ಅಂಗಡಿ. ಯಜಮಾನರ ತಮ್ಮನ ಮದುವೆ, ಬೈಂದೂರಿನ ಮದುವೆ ಮಂಟಪದಲ್ಲಿ. ಬೆಳಿಗ್ಗೆ ಬೇಗನೇ ಮನೆಗೆ ಬೀಗ ಹಾಕಿ ಎಲ್ಲರೂ ದಿಬ್ಬಣದಲ್ಲಿ ಹೋದರು. ಸಂಜೆ ಬಂದು ನೋಡಿದರೆ ಹಿಂಬಾಗಿಲಿನ ಚಿಲಕ ಎದ್ದಿದೆ, ಕಪಾಟು ಒಡೆದಿದೆ, ತೀರಿಹೋದ ತಾಯಿಯ ಚಿನ್ನದ ಅವಲಕ್ಕಿ ಸರ ಇಲ್ಲ. ತಾಯಿಯ ನೆನಪಿಗೆ ಉಳಿದಿದ್ದು ಅದೊಂದೇ ಸರ. ಮದುಮಗಳನ್ನು ಮನೆ ತುಂಬಿಸಿಕೊಳ್ಳುವಾಗ ಹಾಕಬೇಕೆಂದು ಇಟ್ಟದ್ದು. ಯಜಮಾನರು ಕೋರ್ಟಿನಲ್ಲಿ ಅದನ್ನು ಹೇಳುವಾಗ ನನಗೂ ಬೇಜಾರಾಯಿತು.

ಕಟಕಟೆಯಲ್ಲಿ ಇದ್ದವನು ಗಂಗೊಳ್ಳಿಯ ಒಬ್ಬ ಮೀನು ಮಾರುವವ. ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಆ ಓಣಿಯಲ್ಲಿ ವರ್ಷಗಳಿಂದ ಬೆಳಿಗ್ಗೆ ಬೆಳಿಗ್ಗೆ ತಿರುಗುತ್ತಿದ್ದವ. ಎದುರು ಮನೆಯ ಅಮ್ಮ ಅವನನ್ನು ಹನ್ನೊಂದರ ಬಸ್ಸಿನ ಹೊತ್ತಿಗೆ ಗೇಟಿನ ಬಳಿ ಕಂಡಿದ್ದಾಗಿ ಪೊಲೀಸರಿಗೆ ಹೇಳಿದ್ದರು. ಅವನ ಪೆಟ್ಟಿಗೆಯಲ್ಲಿ ಮೀನು ಕುಯ್ಯುವ ಕತ್ತಿ ಇತ್ತು, ಚಿಲಕ ಎಬ್ಬಿಸಿದ್ದು ಅದರಲ್ಲೇ ಎಂದಾಯಿತು. ಸರ ಸಿಗಲಿಲ್ಲ, ಮಾರಿ ತಿಂದಿದ್ದಾನೆ ಎಂದಾಯಿತು. ‘ನಾನು ಆ ದಿನವೂ ಬೆಳಿಗ್ಗೆಯೇ ಹೋದದ್ದು, ಬೇಡ ಅಂದರು, ವಾಪಸು ಬಂದೆ’ ಎಂಬುದು ಅವನ ಒಂದೇ ಮಾತು. ಹನ್ನೊಂದರ ಹೊತ್ತಿಗೆ ತಾನು ಮನೆಯಲ್ಲಿ ಮಲಗಿದ್ದೆ ಎಂದ. ಅದಕ್ಕೆ ಅವನ ಹೆಂಡತಿ ಒಬ್ಬಳೇ ಸಾಕ್ಷಿ. ಹೆಂಡತಿ ಹೇಳಿದ್ದನ್ನು ಯಾರು ನಂಬುತ್ತಾರೆ? ಕೆಲವು ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದ.

ಬಂದರೇನು, ಆ ಊರಿನಲ್ಲಿ ಅವನಿಗೆ ಗೇಟು ತೆಗೆಯುವವರಿಲ್ಲ. ಮನೆಮನೆಯ ಅಂಗಳಕ್ಕೆ ಹೋಗಿ ಮಾಡುವ ವ್ಯಾಪಾರ ಅವನದು. ಕಳ್ಳ ಎಂಬ ಹೆಸರು ಹೊತ್ತು ಯಾರ ಅಂಗಳಕ್ಕೆ ಕಾಲಿಡುವುದು? ಕೇಸಿನಲ್ಲಿ ಅವನಿಗೆ ಶಿಕ್ಷೆಯಾದರೆ ಆ ಹೆಸರು ಸಾಯುವವರೆಗೂ ಹೋಗುವುದಿಲ್ಲ. ಕೋರ್ಟಿಗೆ ಬರುವಾಗ ಇಸ್ತ್ರಿ ಹಾಕಿದ ಬಿಳಿ ಅಂಗಿ ಹಾಕಿಕೊಂಡು ಬರುತ್ತಿದ್ದ. ಕರೆದಾಗ ‘ಬಂದೆ ಒಡೆಯ’ ಎನ್ನುವುದು ಬಿಟ್ಟರೆ ಅವನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

ವಿಚಾರಣೆಗೆ ಮುಂಚಿನ ಭಾನುವಾರ ಪಿಪಿಯವರು ಎಂದಿನಂತೆ ಜಾಗ ನೋಡಲು ಹೋಗಿದ್ದರು. ಸೋಮವಾರ ಬಂದು ಅದನ್ನೊಂದು ತಮಾಷೆಯಾಗಿ ಹೇಳಿದರು. ಆ ಊರಿಗೆ ದಿನಕ್ಕೊಮ್ಮೆ ಹೋಗುವುದು ಒಂದು ಹಸಿರು ಬಸ್ಸು, ಪುಂಗಿ ಊದಿದಂಥ ಹಾರ್ನಿನದು. ಅದಕ್ಕೆ ಕಾದೂ ಕಾದೂ ಸಾಕಾಗಿ ರಿಕ್ಷಾ ಹಿಡಿಯಬೇಕಾಯಿತಂತೆ. ವಾಪಸು ಬರುವಾಗ ಸ್ಟ್ಯಾಂಡಿನಲ್ಲಿ ಆ ಬಸ್ಸಿನ ಕಂಡಕ್ಟರು ಸಿಕ್ಕಿದ, ಹೂವಿನ ಹಾರ ಕಟ್ಟಿದ ಬಸ್ಸಿನ ಜೊತೆ. “ಮುಹೂರ್ತ ಇಪ್ಪು ದಿನ ನಮ್ಮ ಬಸ್ಸಿಗೆ ಕಾಯೂಕಾಗ ಸಾರ್, ದಿಬ್ಬಣಕ್ ಹೋತ್ತ್” ಅಂದನಂತೆ. ನಾವಿಬ್ಬರೂ ನಕ್ಕೆವು, ಅಲ್ಲಿಗೆ ಮರೆತೆವು.

ವಿಚಾರಣೆಯ ದಿನ ಬೆಳಿಗ್ಗೆ ಎದುರು ಮನೆಯ ಅಮ್ಮ ಸಾಕ್ಷಿ ಹೇಳಿದರು. ಬಿಳಿ ಸೀರೆ, ಗಟ್ಟಿ ಮಾತು. ಮದುವೆಗೆ ಅವರು ಹೋಗಿರಲಿಲ್ಲ. ಅವರ ಒಡಹುಟ್ಟಿದ ತಮ್ಮ ತೀರಿಕೊಂಡು ಸೂತಕ, ಮನೆಯಿಂದ ಹೊರಗೆ ಇಳಿಯುವ ಹಾಗಿರಲಿಲ್ಲ. ರಾತ್ರಿಯಿಡೀ ನಿದ್ದೆಯಿಲ್ಲದೆ ಬೆಳಗಿನ ಜಾವ ಕಣ್ಣು ಹತ್ತಿತ್ತು. ಏಳುವಾಗ ಓಣಿ ನಿಶ್ಶಬ್ದ, ಎದುರು ಮನೆಯ ಅಂಗಳ ಖಾಲಿ, ದಿಬ್ಬಣ ಹೋಗಿ ಎಷ್ಟೋ ಹೊತ್ತಾಗಿರಬೇಕು ಅಂದುಕೊಂಡರು.

“ಆಗ ಹೊತ್ತೆಷ್ಟು ಅಮ್ಮ?” ಪಿಪಿಯವರು ಕೇಳಿದರು.

“ಗಡಿಯಾರ ಎಲ್ಲ ನಾ ಕಾಂಬುದಿಲ್ಲೆ. ಹನ್ನೊಂದ್ರ ಬಸ್ ಹಾರ್ನ್ ಹಾಕ್ತ್. ಅದ್ ಕೇಂಡೇ ನಾ ದಿನಾ ಅನ್ನಕ್ ಅಕ್ಕಿ ಹಾಕುದ್. ಅಕ್ಕಿ ಹಾಕಿ ಕಿಟಕಿಯಂಗ್ ಕಂಡ್ರೆ ಈ ಮೀನಿನ್ ಅಣ್ಣ ಅವ್ರ್ ಗೇಟ್ ಹಾಕಿ ತಿರ್ಗಿ ಹೋತಾ ಇದ್ದ.”

“ಅದೇ ಬಸ್ ಅಂದ್ ಹ್ಯಾಂಗ್ ಗೊತ್ತಾಯ್ತ್?”

“ಆ ಪುಂಗಿ ಹಾರ್ನ್ ಬೇರೆ ಯಾವ್ ಬಸ್ಸಿಗಿತ್ತ್? ನಮ್ಮೂರ್ ಮಕ್ಳಿಗೂ ಗೊತ್ತ್.”

ಪಿಪಿಯವರು ಮುಂದಿನ ಪ್ರಶ್ನೆಗೆ ಬಾಯಿ ತೆರೆದವರು ಮುಚ್ಚಿದರು. ಕನ್ನಡಕ ತೆಗೆದು ಒರೆಸಿದರು. ನಾನು ಕೀಲಿಮಣೆಯ ಮೇಲೆ ಬೆರಳಿಟ್ಟು ಕಾದೆ. “ಇಷ್ಟೇ” ಎಂದು ಕೂತರು.

ಆರೋಪಿಯ ಪರ ವಕೀಲರು ದೊಡ್ಡ ಸ್ವರದವರು. ಅಮ್ಮನ ಕಣ್ಣಿನ ಪೊರೆ, ಕಿಟಕಿಯ ಸರಳು, ನಡುವಿನ ತೆಂಗಿನ ಮರ ಎಲ್ಲ ಹಿಡಿದು ಜಗ್ಗಿದರು. ಅಮ್ಮ ಒಂದಿಂಚೂ ಜಗ್ಗಲಿಲ್ಲ. “ಕಂಡದ್ ಕಂಡಿದೆ ಮಾರಾಯ್ರೆ. ಸುಳ್ಳ್ ಹೇಳುಕೆ ಆ ಅಣ್ಣ ನಂಗೆ ಎಂತ ಮಾಡಿದ್ದ?” ಅಂದರು. ವಕೀಲರು ಕೂತಾಗ ಕೇಸು ಮೊದಲಿಗಿಂತ ಗಟ್ಟಿಯಾಗಿತ್ತು. ಸತ್ಯವಂತ ಸಾಕ್ಷಿ ಎಂದು ನ್ಯಾಯಾಧೀಶರ ಮುಖದಲ್ಲೇ ಬರೆದಿತ್ತು. ಮೀನಿನವ ನೆಲ ನೋಡುತ್ತಾ ನಿಂತಿದ್ದ.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಪಿಪಿಯವರು ಉಣ್ಣಲು ಹೋಗಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು. ಕಡಲೆಯನ್ನೂ ತಿನ್ನುತ್ತಿರಲಿಲ್ಲ, ಆಗ ನನಗೆ ಗಾಬರಿಯಾಯಿತು. ಏನು ಸರ್ ಎಂದೆ.

“ತಂಗಿ, ಗೊತ್ತಿದ್ದೂ ಕೇಣ್ದೇ ಇದ್ರೆ ಅದ್ ಸುಳ್ಳ್ ಹೇಳ್ದಂಗೆ ಆತ್ತಾ?”

“ಏನು ಗೊತ್ತು ನಿಮಗೆ?”

“ಗೊತ್ತಿಲ್ಲೆ. ಸಂಶಯ. ಆ ದಿನವೂ ಮುಹೂರ್ತ ಅಲ್ದಾ? ಆ ಬಸ್ ಲೈನಂಗೆ ಇತ್ತೋ, ದಿಬ್ಬಣಕ್ ಹೋಯಿತ್ತೋ?”

ಕೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ, ಕೇಸು ಗೆದ್ದ ಹಾಗೆಯೇ. ಕೇಳಿದರೆ ಕೈಯಾರೆ ತಮ್ಮ ಕೇಸನ್ನು ಕೆಡಿಸಿದಂತೆ. “ನಾನು ಟೈಪು ಮಾಡುವವಳು ಸರ್” ಎಂದೆ. ಅವರು ನಕ್ಕುಬಿಟ್ಟರು. “ಹಂಗಾರೆ ಟೈಪ್ ಮಾಡಿ, ನಾ ಕೇಂತೆ” ಎಂದು ಒಳಗೆ ನಡೆದರು.

ಮಧ್ಯಾಹ್ನದ ಸಾಕ್ಷಿ ಯಜಮಾನರ ಹೆಂಡತಿ. ಅವರು ಹೇಳಬೇಕಾಗಿದ್ದದ್ದು ಸರದ ಗುರುತು, ಕಪಾಟಿನ ಬೀಗ ಇಷ್ಟೇ. ಪೊಲೀಸರು ಅವರನ್ನು ಕೇಳಿದ್ದೂ ಅಷ್ಟೇ. ಅದು ಮುಗಿದ ಮೇಲೆ ಪಿಪಿಯವರು ಕೋಟಿನ ತೋಳು ಸರಿಮಾಡಿಕೊಂಡರು.

“ದಿಬ್ಬಣ ಹ್ಯಾಂಗ್ ಹೋದ್ದ್ ಅಮ್ಮ?”

“ಬಸ್ ಮಾಡ್ಕಂಡ್ ಹೋದ್ದ್.”

“ಯಾವ್ ಬಸ್?”

“ನಮ್ಮ್ ಬದಿಗೆ ಬಪ್ಪುದೇ, ಹಸ್ರ್ ಬಸ್. ಆ ದಿನ ಇಡೀ ನಮ್ಗೇ ಮಾಡಿದ್ದ್.”

ಆರೋಪಿಯ ವಕೀಲರು ಅಭ್ಯಾಸಬಲದಿಂದ ಆಕ್ಷೇಪಣೆಗೆ ಎದ್ದರು. ಯಾವುದಕ್ಕೆ ಆಕ್ಷೇಪಿಸಬೇಕೆಂದು ತಿಳಿಯದೆ ಹಾಗೆಯೇ ಕೂತರು.

“ಬೆಳಿಗ್ಗೆ ಬಸ್ ಬಂದ್ ಹಾರ್ನ್ ಹಾಕಿತ್ತಾ?”

“ಹಾಕಿತ್ತಾ ಅಂದ್ ಕೇಂತ್ರಿಯಾ? ಎಲ್ಲ ರಸ್ತಿಗ್ ಹೋಯಿ ಬಸ್ ಹತ್ತಿ ಕೂಕಂಡಿದ್ರ್. ಬೀಗ ಹಾಕುಕೆ ನಾನೊಬ್ಳೇ ಉಳ್ದದ್ದ್. ಡ್ರೈವ್ರ್ ಒತ್ತಿದ್ದೇ ಒತ್ತಿದ್ದ್.”

“ಆಗ ಗೇಟಿನ ಹತ್ರ ಯಾರಾರೂ ಬಂದಿದ್ರಾ? ನೆನ್ಪ್ ಮಾಡಿ ಹೇಳಿ.”

ಅವರು ನೆನಪು ಮಾಡಿಕೊಂಡರು. ಮಾಡಿಕೊಳ್ಳುತ್ತಿದ್ದ ಹಾಗೆ ಅವರ ಮುಖದ ಬಣ್ಣ ಹೋಗುತ್ತಾ ಬಂತು. ಒಮ್ಮೆ ಕಟಕಟೆಯತ್ತ ನೋಡಿ, ಗಂಡನತ್ತ ನೋಡಿ, ಕೊನೆಗೆ ನ್ಯಾಯಾಧೀಶರತ್ತ ನೋಡಿದರು.

“ಮೀನಿನವ್ರ್ ಬಂದಿದ್ರ್. ನಾನೇ ಒಳಗಿಂದ, ಇವತ್ತ್ ಬೇಡ, ಮದಿ ಇತ್ತ್ ಅಂದೆ. ಗೇಟ್ ಹಾಕಿ ಹೋದ್ರ್.”

“ಆಗ ಸರ ಎಲ್ಲಿತ್ತ್?”

“ಕಪಾಟಂಗಿತ್ತ್. ಅವ್ರ್ ಹೋದ್ ಮೇಲೆ ನಾನೇ ಕಂಡ್, ಬೀಗ ಹಾಕಿ, ಓಡಿ ಬಸ್ ಹತ್ತಿದ್ದ್.”

ನ್ಯಾಯಾಧೀಶರು ಬರೆಸುವುದನ್ನು ಮರೆತರು. ನಾನು ಅವರು ಬರೆಸುವ ಮೊದಲೇ ಟೈಪು ಮಾಡಿಬಿಟ್ಟಿದ್ದೆ, ಇದೊಂದು ಸಲ ಮಾತ್ರ. ಬೆಳಗಿನ ಸಾಕ್ಷಿಯನ್ನು ಮತ್ತೊಮ್ಮೆ ಕರೆಸಲು ಪಿಪಿಯವರು ಅನುಮತಿ ಕೇಳಿದರು. ಎದುರು ಮನೆಯ ಅಮ್ಮ ವಾಪಸು ಹೋಗಲು ಜೊತೆಗೆ ಜನ ಬೇಕೆಂದು ಹೊರಗಿನ ಬೆಂಚಿನ ಮೇಲೇ ಕೂತಿದ್ದರು.

“ಅಮ್ಮ, ಆ ದಿನ ಹಾರ್ನ್ ಕೇಂಡ್ ಅಕ್ಕಿ ಹಾಕಿದ್ ಮೇಲೆ, ಮಧ್ಯಾಹ್ನದ್ ಒಳ್ಗ್ ಅದೇ ಹಾರ್ನ್ ಇನ್ನೊಂದ್ ಸಲ ಕೇಂತಾ?”

“ಇಲ್ಲೆ.”

“ಅನ್ನ ಆದ್ ಕೂಡ್ಲೆ ಉಂಡ್ರಿಯಾ?”

“ಎಲ್ಲಿ ಉಂಬುದ್? ಅನ್ನ ಆಯಿ ಎಷ್ಟೊತ್ತಾದ್ರೂ ಹಶು ಆಯ್ಲಿಲ್ಲ. ತಣ್ದೇ ಹೋಯ್ತ್. ತಮ್ಮ ಹೋದ್ ಬೇಜಾರಿಗೆ ಹಶು ಇಲ್ಲ ಅಂದ್ ಎಣ್ಸ್ಕಂಡೆ.” ತಾವು ಹೇಳಿದ್ದು ತಮಗೇ ಕೇಳಿಸಿರಬೇಕು. “ಹಂಗಾರೆ ಅದ್ ಹನ್ನೊಂದ್ರದ್ ಅಲ್ಲ, ಬೆಳಿಗ್ಗಿಂದಾ?” ಎಂದು ಮೆಲ್ಲಗೆ ಕೇಳಿದರು. ಅವರು ಕಟಕಟೆಯ ಕಡೆ ತಿರುಗಿ, “ಮಗಾ, ನಾ ಕಂಡದ್ದೇ ಹೇಳ್ದೆ ಮಗಾ” ಎಂದರು. ಮೀನಿನವ ಕೈ ಮುಗಿದ. ನನ್ನ ಕಣ್ಣು ಮಂಜಾಗಿ ಎರಡು ಸಾಲು ತಪ್ಪು ಹೊಡೆದೆ. ಅಷ್ಟು ಸಂತೋಷ ಆ ಕೋರ್ಟಿನಲ್ಲಿ ನನಗೆ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ.

ಹೊರಗೆ ಬಂದಾಗ ತನಿಖೆ ಮಾಡಿದ ಎಸ್ಸೈ ಕೆಂಪಾಗಿ ನಿಂತಿದ್ದರು. ಘಟ್ಟದ ಮೇಲಿನವರು, ಕೆಟ್ಟವರಲ್ಲ. ‘ಹನ್ನೊಂದರ ಬಸ್ಸು’ ಎಂದರೆ ಹನ್ನೊಂದು ಗಂಟೆ ಎಂದು ಬರೆದುಕೊಂಡಿದ್ದರು, ಯಾರಾದರೂ ಹಾಗೆಯೇ ಬರೆಯುತ್ತಿದ್ದರು. “ಸಾರ್, ನಮ್ಮ ಕಡೆಯವರಾಗಿ ನೀವೇ ಹಿಂಗೆ ಮಾಡೋದಾ?” ಎಂದರು.

“ಕೇಸ್ ನಿಮ್ದಲ್ಲ, ನಂದೂ ಅಲ್ಲ ಮಾರಾಯ್ರೆ” ಎಂದು ಪಿಪಿಯವರು ಅವರ ಹೆಗಲ ಮೇಲೆ ಕೈ ಹಾಕಿ ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಗೋಳಿಬಜೆ ತಿನ್ನಿಸಿದರು. ಎಸ್ಸೈ ಎರಡನೇ ಪ್ಲೇಟಿನ ಹೊತ್ತಿಗೆ ಸ್ವಲ್ಪ ತಣ್ಣಗಾದರು.

ಮೇಲಿನವರು ವಿವರಣೆ ಕೇಳಿದರು. ‘ಸಾಕ್ಷಿಗೆ ಗೊತ್ತಿದ್ದದ್ದನ್ನು ಕೇಳಿದ್ದೇನೆ’ ಎಂದು ಒಂದೇ ಸಾಲು ಉತ್ತರ. ಟೈಪು ಮಾಡಿಕೊಟ್ಟವಳು ನಾನೇ. ಇನ್ನೊಂದು ಸಾಲಾದರೂ ಇರಲಿ ಸರ್, ಮರ್ಯಾದೆಗೆ, ಎಂದೆ. ‘ವಂದನೆಗಳು’ ಎಂದು ಸೇರಿಸಿ ಅಂದರು. ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಇದಕ್ಕೇ ಬರಲಿಲ್ಲವೋ ಬೇರೆ ಕಾರಣಕ್ಕೋ ನನಗೆ ತಿಳಿಯದು. ಅವರಂತೂ ಅದನ್ನು ಎತ್ತಲೇ ಇಲ್ಲ.

ವಾದದ ದಿನ ಎಲ್ಲರೂ ಕೇಸು ಮುಗಿಯಿತು ಎಂದುಕೊಂಡಿದ್ದರು. ಆರೋಪಿಯ ವಕೀಲರು ಎದ್ದು, ಸಂಶಯದ ಲಾಭ ಕೊಟ್ಟು ತಮ್ಮ ಕಕ್ಷಿದಾರನನ್ನು ಬಿಡಬೇಕೆಂದು ಕೇಳಿ ಕೂತರು. ಸಾಮಾನ್ಯವಾಗಿ ಬಿಡುಗಡೆಯಾಗುವುದು ಹಾಗೆಯೇ. ಆಗ ಪಿಪಿಯವರು ಎದ್ದರು. ಎದುರು ವಾದ ಮಾಡುತ್ತಾರೆ ಎಂದುಕೊಂಡರೆ, ಅವರು ಬರಹದ ಕನ್ನಡದಲ್ಲಿ, ನಿಧಾನವಾಗಿ, ಹೀಗೆ ಹೇಳಿದರು: “ಸಂಶಯದ ಲಾಭ ಕೊಟ್ಟು ಬಿಟ್ಟರೆ ಸಂಶಯವೂ ಅವನ ಜೊತೆಗೇ ಮನೆಗೆ ಹೋಗುತ್ತದೆ ಸ್ವಾಮಿ. ಇವನು ಮನೆಮನೆಗೆ ಹೋಗಿ ಬದುಕುವವನು. ಇವನ ಮೇಲೆ ಆರೋಪ ಮಾಡಲು ಆಧಾರವೇ ಇರಲಿಲ್ಲ ಎಂದು ತೀರ್ಪಿನಲ್ಲಿ ಬರೆಯಬೇಕೆಂದು ಸರ್ಕಾರದ ಪರವಾಗಿ ಕೇಳಿಕೊಳ್ಳುತ್ತೇನೆ.”

ತೀರ್ಪಿನಲ್ಲಿ ಹಾಗೆಯೇ ಬಂತು. ಮೀನಿನವನಿಗೆ ಓದಿ ಹೇಳಿದಾಗ ಅವನು, “ಹಂಗಾರೆ ನಾ ಕದ್ದದ್ದಲ್ಲ ಅಂದ್ ಬರ್ದಿರಾ ಒಡೆಯ?” ಎಂದು ಮತ್ತೆ ಮತ್ತೆ ಕೇಳಿದ. ಹೌದು ಎಂದು ನ್ಯಾಯಾಧೀಶರೇ ಹೇಳಿದರು.

ಅಲ್ಲಿಗೆ ಯಾರಾದರೂ ಸುಮ್ಮನಾಗುತ್ತಿದ್ದರು. ತೀರ್ಪಿನ ಕಾಗದ ಓಣಿಯವರು ಓದುತ್ತಾರೆಯೇ? ವಕೀಲರು ಜೋರಿದ್ದರು, ಬಿಡಿಸಿಕೊಂಡು ಬಂದ ಎಂದೇ ಊರಿನಲ್ಲಿ ಮಾತಾಯಿತು. ಇದು ಪಿಪಿಯವರ ಕಿವಿಗೆ ಎಲ್ಲಿ ಬಿತ್ತು ಎಂದು ಕೇಳಬೇಕೇ, ಬಸ್ಸಿನಲ್ಲೇ. ಮುಂದಿನ ಭಾನುವಾರ ನನ್ನನ್ನು ಜೊತೆಗೆ ಬರಹೇಳಿದರು. “ಹೆಂಗ್ಸ್ರ್ ಇಪ್ಪು ಮನಿ, ನೀವೊಬ್ರ್ ಇದ್ರೆ ಲಾಯ್ಕ್” ಅಂದರು. ಬೆಳಿಗ್ಗೆ ಬೇಗನೇ ಹೊರಟೆವು.

ಆ ಮನೆಯವರು ನಮ್ಮನ್ನು ಕೂರಿಸಿದರು, ಬೆಲ್ಲ ನೀರು ಕೊಟ್ಟರು. ಯಜಮಾನರ ಮುಖ ಮಾತ್ರ ಬಿಗಿದಿತ್ತು. ಪಿಪಿಯವರು ನೀರು ಕುಡಿದು ಲೋಟ ಕೆಳಗಿಟ್ಟು ನೇರವಾಗಿ ಹೇಳಿದರು. “ನಿಮ್ಮಮ್ಮನ ಸರ ಅವ ತೆಗ್ದದ್ದಲ್ಲ. ಕೋರ್ಟಂಗೆ ಹೇಳಿದ್ದ್ ಕೋರ್ಟಿಗಾಯ್ತ್. ನಿಮ್ಗೆ ಮನಿಗೇ ಬಂದ್ ಹೇಳ್ಕ್ ಅಂದ್ ಕಂಡ್ತ್.”

“ಹಂಗಾರೆ ತೆಗ್ದದ್ದ್ ಯಾರ್?”

“ಗೊತ್ತಿಲ್ಲೆ.”

“ಗೊತ್ತಿಲ್ಲೆ ಅಂದ್ರೆ ಹ್ಯಾಂಗ್ ವಕೀಲ್ರೆ? ನಮ್ ಸರ ಹೋದ್ದ್ ಹೋದ್ದೇ ಅಲ್ದಾ?”

“ಹೌದ್. ಅದಕ್ ನಂಗೂ ಬೇಜಾರಿತ್ತ್. ಪೊಲೀಸ್ರಿಗೆ ಮತ್ ಹುಡ್ಕುಕೆ ಬರ್ದಿದೆ. ಆರೆ ಸರ ಹೋದ್ ಸಿಟ್ಟಿಗೆ ಮನ್ಷನ್ ಹೆಸ್ರ್ ಹಾಳ್ ಮಾಡುಕಾಗ.”

ಒಳಬಾಗಿಲಿನಲ್ಲಿ ಅವರ ಹೆಂಡತಿ ಸೆರಗು ಹಿಡಿದು ನಿಂತಿದ್ದರು. ಆ ಸರ ಯಾರ ಕೈ ಸೇರಿತೋ ಈವತ್ತಿಗೂ ತಿಳಿದಿಲ್ಲ.

ಅಷ್ಟರಲ್ಲಿ ಓಣಿಯ ಆಚೆ ತುದಿಯಲ್ಲಿ ಸ್ಕೂಟರಿನ ಸದ್ದು ಕೇಳಿಸಿತು. ಅವನೇ. ಓಣಿ ದಾಟಿದರೆ ಆಚೆ ಬೈಲಿನಲ್ಲಿ ಒಂದೆರಡು ಮನೆಯವರು ತೀರ್ಪಾದ ಮೇಲೆ ಮತ್ತೆ ಮೀನು ಕೊಳ್ಳುತ್ತಿದ್ದರಂತೆ, ಅವರಿಗಾಗಿ ಬರುತ್ತಿದ್ದ. ಈ ಓಣಿಯಲ್ಲಿ ಮಾತ್ರ ಹಾರ್ನು ಹಾಕದೆ, ಆಚೀಚೆ ನೋಡದೆ ಹೋಗಿಬಿಡುತ್ತಿದ್ದನಂತೆ. ಪಿಪಿಯವರು ಅಷ್ಟು ಬೇಗ ಹೊರಟದ್ದು ಯಾಕೆಂದು ನನಗೆ ಆಗ ಅರ್ಥವಾಯಿತು. ಅವರಾದರೋ ಏನೂ ಗೊತ್ತಿಲ್ಲದವರ ಹಾಗೆ ಅಂಗಳದ ದಾಸವಾಳ ನೋಡುತ್ತಾ ಕೂತಿದ್ದರು.

ಯಜಮಾನರ ಹೆಂಡತಿ ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಅಂಗಳಕ್ಕೆ ಹೋದರು. ಓಣಿಯ ಎಲ್ಲ ಮನೆಗಳಿಗೂ ಕೇಳುವ ಹಾಗೆ ಕೂಗಿದರು.

“ಹ್ವಾಯ್ ಮೀನಿನವ್ರೆ, ಎಂತ ಇತ್ತ್ ಇವತ್ತ್?”

ಸ್ಕೂಟರು ನಿಂತಿತು. ಅವನು ಕೂತಲ್ಲಿಂದಲೇ, “ಬಂಗ್ಡಿ ಇತ್ತಮ್ಮ” ಎಂದ. ಆಮೇಲೆ ಇಳಿದು ಗೇಟಿನ ಹೊರಗೇ ನಿಂತ. ಎದುರು ಮನೆಯ ಕಿಟಕಿ ತೆರೆದುಕೊಂಡಿತು.

“ಅಲ್ಲೆಂತಕೆ ನಿಂತ್ರಿ? ಒಳ್ಗ್ ಬನ್ನಿ” ಎಂದು ಯಜಮಾನರ ಹೆಂಡತಿಯೇ ಹೋಗಿ ಗೇಟು ತೆಗೆದರು.

ಅವನು ಒಮ್ಮೆ ಜಗಲಿಯ ಮೇಲಿದ್ದ ಯಜಮಾನರ ಕಡೆ ನೋಡಿದ. ಯಜಮಾನರು ಗಂಟಲು ಸರಿಮಾಡಿಕೊಂಡು, “ಬನ್ನಿ” ಎಂದರು. ಅವನು ಸ್ಕೂಟರಿಗೆ ಸ್ಟ್ಯಾಂಡು ಹಾಕಿ, ಪೆಟ್ಟಿಗೆ ಬಿಚ್ಚಿ ತಲೆಯ ಮೇಲೆ ಹೊತ್ತುಕೊಂಡು, ಗೇಟು ದಾಟಿ ಅಂಗಳದ ನಡುವಿಗೆ ಬಂದ.